ಅಂಬಾಸಿಡರ್ ಹಿಂದಿನ ಆಕ್ಸಲ್ ಸವೆದಿದೆಯಂತೆ, ಅನುಭವ ಇದ್ದವರು ಹೇಳಿ

ಹಾಸನ_ಮಾರ್ಕ್4
ನಮ್ಮದು 1988ರ ಮಾರ್ಕ್ 4, ಪೆಟ್ರೋಲ್. ಅಪ್ಪ ತಗೊಂಡಿದ್ದು, ಮಾರುವ ಮಾತೇ ಇಲ್ಲ. ಕ್ಲಚ್ ಬಿಡುವಾಗ ಹಿಂದೆ ಟಣ್ ಅಂತ ಹೊಡೆಯುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಇನ್ನೊಂದು ಸಲ. 50 ದಾಟಿದರೆ ಗುಂಯ್ ಅನ್ನುತ್ತದೆ. ಎಡಗಡೆ ಬ್ರೇಕ್ ಡ್ರಮ್‌ನಿಂದ ಆಯಿಲ್ ಜಿನುಗುತ್ತಿದೆ. ಒಬ್ಬ ಮೇಸ್ತ್ರಿ ಎರಡೂ ಆಕ್ಸಲ್ (ಹಿಂದಿನ ಚಕ್ರ ತಿರುಗಿಸುವ ಶಾಫ್ಟ್) ಹೋಗಿದೆ ಅಂದರು. ಇನ್ನೊಬ್ಬರು ಇಡೀ ಹೌಸಿಂಗನ್ನೇ (ಆಕ್ಸಲ್, ಗೇರ್ ಕೂರುವ ಕವಚ, ಒಳಗಿನದೆಲ್ಲ ಸೇರಿ) ಗುಜರಿಯಿಂದ ತಂದು ಕೂರಿಸೋಣ ಅಂತಾರೆ. ಕೈಯಲ್ಲಿರುವುದು 15 ಸಾವಿರ. ನೀವೆಲ್ಲ ಏನು ಮಾಡಿದಿರಿ?

ಮೂಡಿಗೆರೆ_ತೋಟ
ಗುಜರಿ ಹೌಸಿಂಗ್ ಮಾತ್ರ ಬೇಡ ಸರ್. ನಾನು 9,000 ಕೊಟ್ಟು ತಂದೆ, ಕೂರಿಸಲು 2,500. ಮೊದಲ ವಾರ ಚೆನ್ನಾಗಿತ್ತು. 800 ಕಿಲೋಮೀಟರ್ ಆಗುವಷ್ಟರಲ್ಲಿ ಹಳೆಯದಕ್ಕಿಂತ ಜಾಸ್ತಿ ಕೂಗಲು ಶುರು. ಬಿಚ್ಚಿ ನೋಡಿದರೆ ಕ್ರೌನ್ (ದೊಡ್ಡ ಗೇರ್) ಒಂದು ಗಾಡಿಯದ್ದು, ಅದನ್ನು ತಿರುಗಿಸುವ ಪಿನಿಯನ್ (ಸಣ್ಣ ಗೇರ್) ಇನ್ನೊಂದರದ್ದು. ಅವೆರಡೂ ಜೋಡಿಯಾಗಿಯೇ ಬರುವುದು ಅಲ್ವಾ, ಮೇಲೆ ಕೆತ್ತಿದ ನಂಬರ್ ಒಂದಕ್ಕೊಂದು ತಾಳೆಯೇ ಆಗಲಿಲ್ಲ. ಆಮೇಲೆ ಬೆಂಗಳೂರಿನ ಜೆ.ಸಿ. ರೋಡಿಗೆ ಎರಡು ಸಲ ಹೋಗಿ ಹೊಸ ಜೋಡಿ ತಂದೆ, 11,500. ಪಿನಿಯನ್ ಬೇರಿಂಗ್ ಎರಡಕ್ಕೆ 2,600, ಸೈಡ್ ಬೇರಿಂಗ್ 2,200, ಸೀಲ್ 180, ಕೂಲಿ 4,000. ಗಾಡಿ ಎಳೆಸಿಕೊಂಡು ಹೋಗಿದ್ದಕ್ಕೇ 3,500. ಒಟ್ಟು 35,480. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಇವತ್ತಿಗೂ ತೆಗೆದು ನೋಡಿದರೆ ಹೊಟ್ಟೆ ಉರಿಯುತ್ತದೆ. ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ, ಹಲ್ಲಿಗೆ ಬ್ಲೂ (ಗುರುತಿನ ನೀಲಿ ಬಣ್ಣ) ಹಚ್ಚಿ, ಗುರುತು ಎಲ್ಲಿ ಬೀಳುತ್ತದೆ ಅಂತ ನೋಡಿ ಕೂರಿಸುವ ಮೇಸ್ತ್ರಿ ಸಿಕ್ಕಿದ್ದು ಮೂರನೇ ಶೆಡ್‌ನಲ್ಲಿ. ಮೊದಲಿನ ಇಬ್ಬರು ಕೈಯಲ್ಲಿ ತಿರುಗಿಸಿ ನೋಡಿ ಸರಿಯಿದೆ ಅಂದಿದ್ದರು.

ದಾವಣಗೆರೆ_ಟರ್ನಿಂಗ್
ಇಷ್ಟೆಲ್ಲ ಯಾಕೆ ಸರ್? ನನ್ನದೂ ಟಣ್ ಅನ್ನುತ್ತಿತ್ತು. ಆಕ್ಸಲ್ ಶಾಫ್ಟ್ ಎಳೆದು ನೋಡಿದೆ, ತುದಿಯ ಹಲ್ಲು ಚಾಕುವಿನ ಹಾಗೆ ಚೂಪಾಗಿದ್ದವು. ನಮ್ಮ ಟರ್ನರ್ ವೆಲ್ಡಿಂಗ್ ಹೊಡೆದು ತುಂಬಿಸಿ, ಮತ್ತೆ ಹಲ್ಲು ಕಟ್ ಮಾಡಿಕೊಟ್ಟರು. ಎರಡಕ್ಕೂ ಸೇರಿ 1,400 ರೂಪಾಯಿ. ಮೂರು ವರ್ಷ ಆಯಿತು, ಮದುವೆ ಸೀಸನ್‌ನಲ್ಲಿ ಏಳು ಜನ ಕೂತು ಹರಿಹರ, ಹೊನ್ನಾಳಿ ಎಲ್ಲ ಓಡಿದೆ. ಒಂದು ಶಬ್ದ ಇಲ್ಲ.

ಪುತ್ತೂರು_ಘಾಟಿ
ಮಾರಾಯ್ರೇ, ಇಂಥ ಸಲಹೆ ಕೊಡಬೇಡಿ. ಆಕ್ಸಲ್ ಶಾಫ್ಟ್ ಹದ ಕೊಟ್ಟ ಉಕ್ಕು. ವೆಲ್ಡಿಂಗ್ ಶಾಖಕ್ಕೆ ಆ ಹದ ಹೋಗುತ್ತದೆ, ಪಕ್ಕದ ಭಾಗ ಗಾಜಿನ ಹಾಗೆ ಆಗುತ್ತದೆ. ನಾನೂ ನಿಮ್ಮ ಹಾಗೆ 900 ರೂಪಾಯಿಗೆ ಒಂದು ಮಾಡಿಸಿದ್ದೆ. ಶಿರಾಡಿ ಘಾಟಿ ಹತ್ತುವಾಗ, ಜುಲೈ ಮಳೆ, ಹಿಂದೆ ಟ್ಯಾಂಕರ್ ಸಾಲು, ಎರಡನೇ ಗೇರ್‌ನಲ್ಲಿ ಫಟ್ ಅಂದಿತು. ಎಂಜಿನ್ ಓಡುತ್ತಿದೆ, ಗಾಡಿ ಮಾತ್ರ ಹಿಂದಕ್ಕೆ ಜಾರುತ್ತಿದೆ. ಹೆಂಡತಿ ಮಗುವನ್ನು ಎತ್ತಿಕೊಂಡು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಅಂಬಾಸಿಡರ್‌ನಲ್ಲಿ ಹಬ್ ಬೇರಿಂಗ್ (ಚಕ್ರದ ನಡುವಿನ ಬೇರಿಂಗ್) ಹೌಸಿಂಗ್ ಮೇಲೆ ಕೂತಿರುತ್ತದೆ, ಹಾಗಾಗಿ ಶಾಫ್ಟ್ ತುಂಡಾದರೂ ಚಕ್ರ ನಿಂತಿತು.  ಮುರಿದ ತುಂಡು ಡಿಫರೆನ್ಶಿಯಲ್ (ಎರಡು ಆಕ್ಸಲ್ ನಡುವಿನ ಗೇರ್) ಒಳಗೇ ಉಳಿದು, ಅದು ಕೂರುವ ಕ್ಯಾರಿಯರ್ ಪೂರ್ತಿ ಇಳಿಸಬೇಕಾಯಿತು. ಟೋಯಿಂಗ್ 6,000, ಕೂಲಿ 3,200, ಹೊಸ ಶಾಫ್ಟ್ ಜೋಡಿ 5,800. 900ಕ್ಕೆ ಮುಗಿಸಲು ಹೋಗಿ.

ದಾವಣಗೆರೆ_ಟರ್ನಿಂಗ್
ನಿಮ್ಮ ಟರ್ನರ್‌ಗೆ ಕೆಲಸ ಗೊತ್ತಿಲ್ಲದಿದ್ದರೆ ಅದು ನಮ್ಮವರ ತಪ್ಪಾ? ನಮ್ಮವರು ಮೊದಲು ಕಾಯಿಸಿ, ಆಮೇಲೆ ವೆಲ್ಡ್ ಹೊಡೆದು, ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಆರಲು ಬಿಟ್ಟಿದ್ದರು. ನಲವತ್ತು ವರ್ಷದಿಂದ ಲೇಥ್ ಮುಂದೆ ನಿಂತವರು. ಅವರ ಬಗ್ಗೆ ನೋಡದೆ ಮಾತಾಡಬೇಡಿ.

ಪುತ್ತೂರು_ಘಾಟಿ
ದಾವಣಗೆರೆಯಲ್ಲಿ ಘಾಟಿ ಎಲ್ಲಿದೆ? ಒಂದು ಸಲ ಶಿರಾಡಿ ಬುಡದ ಗುಂಡ್ಯದಿಂದ ಮೇಲೆ ಹತ್ತಿಸಿ ತೋರಿಸಿ, ಆಮೇಲೆ ಮಾತಾಡುವ.

ತುಮಕೂರು_ಓಮ್ನಿ
ನನ್ನದು ಓಮ್ನಿ, ಆದರೆ ಆಯಿಲ್ ಸೋರುವುದರ ಬಗ್ಗೆ ಹೇಳಲೇಬೇಕು. ಎಡಗಡೆ ಸೀಲ್ ಮೂರು ಸಲ ಬದಲಾಯಿಸಿದೆ. ಒಂದೊಂದು ಸಲವೂ ಬೇರಿಂಗ್ ಹಿಡಿದಿಡುವ ರಿಂಗ್ ಕತ್ತರಿಸಬೇಕು, ಬೇರಿಂಗ್ ಒತ್ತಿ ತೆಗೆಯಬೇಕು, ಹೊಸ ರಿಂಗ್ ಕಾಯಿಸಿ ಕೂರಿಸಬೇಕು. ಸಲಕ್ಕೆ 1,900. ಬ್ರೇಕ್ ಲೈನರ್ ಆಯಿಲ್ ಕುಡಿದು ಹಾಳಾಗಿದ್ದು ಬೇರೆ. ಕೊನೆಗೆ ಒಬ್ಬ ಹುಡುಗ, ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ, ಹೌಸಿಂಗ್ ಮೇಲಿನ ಬ್ರೀದರ್ ತೋರಿಸಿದ. ಮಣ್ಣು ಕಟ್ಟಿ ಕಲ್ಲಾಗಿತ್ತು. ಒಳಗೆ ಬಿಸಿಗೆ ಗಾಳಿ ಹಿಗ್ಗಿ ಹೋಗಲು ದಾರಿಯಿಲ್ಲದೆ ಸೀಲಿನಿಂದ ಆಯಿಲ್ ತಳ್ಳುತ್ತಿತ್ತು. ತಂತಿ ಹಾಕಿ ಚುಚ್ಚಿದ, ಅಷ್ಟೇ. ಅವನು ದುಡ್ಡು ಬೇಡ ಅಂದ. ನಾನೇ 200 ಜೇಬಿಗೆ ತುರುಕಿದೆ.

ಮೂಡಿಗೆರೆ_ತೋಟ
ಇಲ್ಲಿ ಕೇಳಿರುವುದು ಅಂಬಾಸಿಡರ್ ಬಗ್ಗೆ. ಓಮ್ನಿ ಲೆಕ್ಕ ಇಲ್ಲಿ ಯಾಕೆ?

ತುಮಕೂರು_ಓಮ್ನಿ
ಬ್ರೀದರ್ ಅಂಬಾಸಿಡರ್‌ಗೂ ಇದೆ ಸರ್. 35 ಸಾವಿರ ಖರ್ಚು ಮಾಡುವಾಗ ನೀವು ಅದನ್ನು ಒಂದು ಸಲವಾದರೂ ಒರೆಸಿ ನೋಡಿದ್ದೀರಾ?

ಮೈಸೂರು_ಹಳೇಗಾಡಿ
ಗುಂಯ್ ಶಬ್ದದ ಬಗ್ಗೆ ಯಾರೂ ಹೇಳಲಿಲ್ಲ. ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಭಾರ ಎಡಗಡೆ ಬೀಳುತ್ತಿದೆ, ಎಡಗಡೆ ಹಬ್ ಬೇರಿಂಗ್ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಅಂದರೆ ಕ್ರೌನ್ ಪಿನಿಯನ್. ನಾನು ಇದು ಗೊತ್ತಿಲ್ಲದೆ ಮೊದಲು ಟೈರ್ ನಾಲ್ಕೂ ಬದಲಾಯಿಸಿದೆ, 16,800. ಹಾಗೆಯೇ ದಪ್ಪನೆಯ 140 ಗೇರ್ ಆಯಿಲ್ ಹಾಕಿದರೆ ಶಬ್ದ ಮುಚ್ಚುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಅದಕ್ಕಿಂತ ತೆಳುವಾದ ಇ.ಪಿ. 90 ಹಾಕಬೇಕು.

ದಾವಣಗೆರೆ_ಟರ್ನಿಂಗ್
ನಮ್ಮ ಬಿಸಿಲಿಗೆ 140 ಹಾಕಿಯೇ ಓಡಿಸುತ್ತಿದ್ದೇವೆ. ಟ್ಯಾಕ್ಸಿಯವರೂ ಅದನ್ನೇ ಹಾಕುತ್ತಿದ್ದರು.

ಮೈಸೂರು_ಹಳೇಗಾಡಿ
ಟ್ಯಾಕ್ಸಿಯವರು ಶಬ್ದ ಮುಚ್ಚಿ ಗಾಡಿ ಮಾರುತ್ತಿದ್ದರು. ಅಂಥ ಒಂದನ್ನು ತಗೊಂಡು ಮೋಸ ಹೋದವನು ನಾನು. 2022ರ ಏಪ್ರಿಲ್‌ನಿಂದ ರಿಜಿಸ್ಟ್ರೇಷನ್ ರಿನ್ಯೂವಲ್ ಫೀಸ್ 600 ಇದ್ದಿದ್ದು 5,000 ಆಯಿತಲ್ಲ, ಅದನ್ನೂ ಕಟ್ಟಿ ಮಾಡಿಸಿದ ಮೇಲೆ ಒಳಗಿನ ಬಂಡವಾಳ ಗೊತ್ತಾಯಿತು.

ಹಾಸನ_ಮಾರ್ಕ್4
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ನೋಡಿದೆ. ತಮ್ಮ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಬರುವ ಶಾಫ್ಟ್) ಹಿಡಿದುಕೊಂಡ, ನಾನು ಚಕ್ರ ಅಲ್ಲಾಡಿಸಿದೆ. ಅದರ ಕೀಲಿನ ಜಾಯಿಂಟ್ ಕ್ರಾಸ್ ಗಟ್ಟಿಯಾಗಿದೆ. ಬಲಗಡೆ ಸ್ವಲ್ಪವೇ ಪ್ಲೇ (ಸಡಿಲ), ಎಡಗಡೆ ಎರಡು ಬೆರಳಷ್ಟು. ಡ್ರಮ್ ತೆಗೆದು ಎಡಗಡೆ ಶಾಫ್ಟ್ ಎಳೆದೆ. ಹಲ್ಲು ಚೂಪಾಗಿವೆ, ಸ್ವಲ್ಪ ತಿರುಚಿಕೊಂಡೂ ಇವೆ. ಬ್ರೀದರ್ ಪೂರ್ತಿ ಕಟ್ಟಿತ್ತು. ಹಬ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಜಲ್ಲಿ ತುಂಬಿದ ಹಾಗೆ ಇದೆ. ಹೊಸ ಶಾಫ್ಟ್ ಒಂದು, ಬೇರಿಂಗ್, ಸೀಲ್ ತರಿಸುತ್ತಿದ್ದೇನೆ. ಕ್ರೌನ್ ಆಮೇಲೆ ನೋಡೋಣ.

ದಾವಣಗೆರೆ_ಟರ್ನಿಂಗ್
ಹಳೇ ಶಾಫ್ಟ್ ಬಿಸಾಕಬೇಡಿ ಸರ್. ಬಸ್ಸಿಗೆ ಹಾಕಿ ಕಳಿಸಿ, ಚಾರ್ಜ್ ನಾನೇ ಕೊಡುತ್ತೇನೆ. ನಮ್ಮ ಟರ್ನರ್ ಹತ್ತಿರ ಮಾಡಿಸಿ ಫೋಟೋ ಹಾಕುತ್ತೇನೆ.

ಪುತ್ತೂರು_ಘಾಟಿ
ಕಳಿಸಬೇಡಿ. ಎರಡು ತುಂಡು ಮಾಡಿ ಗುಜರಿಗೆ ಹಾಕಿ. ಇಲ್ಲದಿದ್ದರೆ ಅದು ಇನ್ನೊಬ್ಬರ ಗಾಡಿಯಲ್ಲಿ ಹೋಗಿ ಕೂರುತ್ತದೆ, ಅವರ ಮನೆಯಲ್ಲೂ ಮಕ್ಕಳಿರುತ್ತಾರೆ.