ಸಹಾಯ ಬೇಕು: ‘ಜೋಮು’ ಅಂದರೆ ಏನು ಅಂತ ಹೇಗೆ ಕೇಳಿ ತಿಳಿಯುತ್ತೀರಿ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿ ಓದುತ್ತಿದ್ದೇನೆ. ಬೆನ್ನುಹುರಿಯ ಯಾವ ನರ ಚರ್ಮದ ಯಾವ ಭಾಗಕ್ಕೆ ಹೋಗುತ್ತದೆ ಅನ್ನುವ ಡರ್ಮಟೋಮ್ ನಕ್ಷೆಯಲ್ಲಿ ಸಿಕ್ಕಿಬಿದ್ದಿದ್ದೇನೆ.

ಹೊಕ್ಕಳಿಗೆ ಟಿ10 (ಎದೆ ಭಾಗದ ಹತ್ತನೇ ನರ), ಕೈ ಹೆಬ್ಬೆರಳಿಗೆ ಸಿ6 (ಕುತ್ತಿಗೆ ಭಾಗದ ಆರನೇ ನರ). ಇಷ್ಟು ಬಾಯಿಪಾಠ. ಕಾಲಿಗೆ ಬಂದರೆ ಒಂದು ಪುಸ್ತಕದ ಗೆರೆ ಇನ್ನೊಂದಕ್ಕೆ ಹೊಂದುವುದಿಲ್ಲ. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಅನ್ನುವ ವೈದ್ಯರು ಸರ್ಪಸುತ್ತಿನ ಗುಳ್ಳೆ ಎದ್ದ ಜಾಗ ನೋಡಿ ಗೆರೆ ಎಳೆದರು. 1933ರಲ್ಲಿ ಫೋರ್ಸ್ಟರ್, ನರದ ಬೇರು (ನರ ಬೆನ್ನುಹುರಿಗೆ ಸೇರುವ ಬುಡ) ಕತ್ತರಿಸಿದ ರೋಗಿಗಳಲ್ಲಿ ಸ್ಪರ್ಶ ಎಲ್ಲಿ ಉಳಿದಿದೆ ಅಂತ ನೋಡಿದರು. 1948ರಲ್ಲಿ ಕೀಗನ್ ಮತ್ತು ಗ್ಯಾರೆಟ್, ಬೇರು ಒತ್ತಿಹೋದವರಲ್ಲಿ ಸ್ಪರ್ಶ ಕಡಿಮೆಯಾದ ಜಾಗ ಗುರುತಿಸಿದರು. ದಾರಿ ಬೇರೆ, ನಕ್ಷೆಯೂ ಬೇರೆ, ಅಲ್ವಾ? ಮೇಲಾಗಿ ಅಕ್ಕಪಕ್ಕದ ನರಗಳ ಹರವು ಒಂದರ ಮೇಲೊಂದು ಬೀಳುತ್ತದೆ.

ಹಾಗಾಗಿ ರೋಗಿಯ ಮಾತೇ ಮುಖ್ಯ. ಮೊನ್ನೆ ಒಬ್ಬ ಅಜ್ಜ “ಕಾಲು ಜೋಮು ಹಿಡದೈತ್ರಿ” ಅಂದರು. ಮರಗಟ್ಟಿದ್ದಾ, ಚುಚ್ಚಿದ ಹಾಗಾ, ಉರಿಯಾ? ನಾನು ಕೇಳಿದ್ದಕ್ಕೆಲ್ಲ ಹೂಂ ಅಂದರು. ಅರ್ಧ ತಾಸು ಹತ್ತಿ ಮುಟ್ಟಿಸಿ, ಪೆನ್ನಿಂದ ಗುರುತು ಹಾಕಿದೆ. ಎರಡನೇ ಸಲ ಗೆರೆ ಬೇರೆಯೇ ಬಂತು.

ಧಾರವಾಡ, ಗದಗ, ಹಾವೇರಿ ಕಡೆ ಕೆಲಸ ಮಾಡುವ ಡಾಕ್ಟರ್, ಸಿಸ್ಟರ್, ಥೆರಪಿಸ್ಟ್ ಯಾರಾದರೂ ಇದ್ದರೆ ಹೇಳಿ. ಉತ್ತರ ನಾವೇ ಬಾಯಿಗೆ ಹಾಕದ ಹಾಗೆ, ನಮ್ಮ ಮಾತಿನಲ್ಲೇ ಹೇಗೆ ಕೇಳುತ್ತೀರಿ? ಮುಟ್ಟುವುದನ್ನು ಮರಗಟ್ಟಿದ ಕಡೆಯಿಂದ ಶುರು ಮಾಡುತ್ತೀರಾ, ಚೆನ್ನಾಗಿರುವ ಕಡೆಯಿಂದಲಾ?