ಪದಚರ್ಚೆ: ಹಿತ್ತಾಳೆ ಮೇಲಿನ ಕಂದು ಪೊರೆಗೆ ನಿಮ್ಮ ಕಡೆ ಏನಂತಾರೆ?

ನಮಸ್ಕಾರ. ನೇರವಾಗಿ ಪ್ರಶ್ನೆಗೇ ಬರುತ್ತೇನೆ. ಹಳೇ ಹಿತ್ತಾಳೆ ಸಾಮಾನಿನ ಮೇಲೆ ಎರಡು ಬಗೆಯ ಪೊರೆ ಕೂತಿರುತ್ತದೆ. ಒಂದು ಹಸಿರು, ಪುಡಿಪುಡಿ, ಕೆರೆದರೆ ಉದುರುತ್ತದೆ. ಅದು ಕಿಲುಬು, ಅದರಲ್ಲಿ ತಕರಾರಿಲ್ಲ. ಇನ್ನೊಂದು ಕಂದು. ತೆಳ್ಳಗೆ, ನುಣ್ಣಗೆ, ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಈ ಎರಡನೆಯದಕ್ಕೆ ಕನ್ನಡದಲ್ಲಿ ಹೆಸರೇನು? ಇಂಗ್ಲಿಷಿನಲ್ಲಿ ಎರಡಕ್ಕೂ ಸೇರಿಸಿ ಪ್ಯಾಟಿನಾ ಅಂದುಬಿಡುತ್ತಾರೆ, ಅದು ನನ್ನ ಕೆಲಸಕ್ಕೆ ಬರುವುದಿಲ್ಲ.

ಕೆಲಸ ಏನೆಂದರೆ, ಬೆಳಗಾವಿ ಕ್ಯಾಂಪಿನಲ್ಲಿ ಒಂದು ಹಳೇ ಬಂಗಲೆ ಖಾಲಿ ಮಾಡಿದಾಗ ಗುಜರಿಗೆ ಬಂದ ಮೀನು ಹಿಡಿಯುವ ರೀಲು ನನ್ನ ಕೈಗೆ ಸಿಕ್ಕಿದೆ. ಗಾಳದ ಕೋಲಿಗೆ ಕಟ್ಟಿ ದಾರ ಸುತ್ತುವಂಥದ್ದು. ಪೂರ್ತಿ ಹಿತ್ತಾಳೆ, ಹಿಡಿ ಮಾತ್ರ ಕೊಂಬಿನದು. ಹೆಸರು, ಮುದ್ರೆ ಏನೂ ಇಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ಅದನ್ನು ಬಿಚ್ಚಿ ಸರಿಮಾಡುತ್ತಿದ್ದೇನೆ. ಹಿಡಕಲ್ ಅಣೆಕಟ್ಟಿನ ಕಡೆ ಗಾಳ ಹಾಕಲು ಹೋಗುವ ಹುಡುಗರಿಗೆ ಉಪಯೋಗ ಆಗಲಿ ಎಂದು ಮಾಡಿದ್ದನ್ನೆಲ್ಲ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಬರವಣಿಗೆ ಈ ಪದದ ಹತ್ತಿರ ಬಂದು ನಿಂತಿದೆ.

ಯಾಕಂದರೆ ಇಂಥ ರಿಪೇರಿಯ ಮುಖ್ಯ ನಿಯಮವೇ ಅದು. ಹಸಿರನ್ನು ತೆಗೆಯಬೇಕು, ಕಂದನ್ನು ಬಿಡಬೇಕು. ಹಸಿರು ತೇವ ಹಿಡಿದಿಟ್ಟುಕೊಂಡು ಕೆಳಗಿನ ಲೋಹ ತಿನ್ನುತ್ತದೆ. ಕಂದು ಪೊರೆ ಒಳಗಿನ ಹಿತ್ತಾಳೆಯನ್ನು ಒಂದಿಷ್ಟು ಕಾಯುತ್ತದೆ. ಹಳೇ ರೀಲು ಕೂಡಿಡುವವರಿಗೆ ಅದೇ ಬೇಕು. ಉಜ್ಜಿ ಫಳಫಳ ಮಾಡಿದ್ದಕ್ಕೆ ಬೆಲೆ ಕಮ್ಮಿ.

ಈಗ ನಾನು ‘ಕಂದು ಕಿಲುಬನ್ನು ಹಾಗೇ ಬಿಡಿ’ ಎಂದು ಬರೆದರೆ ಯಾರು ಕೇಳುತ್ತಾರೆ? ಕಿಲುಬು ಅಡುಗೆಮನೆಯ ಪದ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುತ್ತದೆ, ತಿಂದರೆ ಹೊಟ್ಟೆ ಕೆಡುತ್ತದೆ. ನಮ್ಮೂರಿನ ಮರಾಠಿ ಮನೆಗಳಲ್ಲಿ ‘ಆಮಟಿ ಕಳಕಲಿ’ (ಬೇಳೆಸಾರು ಕಿಲುಬು ಹಿಡಿಯಿತು) ಅನ್ನುವುದೂ ಇದನ್ನೇ. ಹಾಗಾಗಿ ಕಿಲುಬು ಅಂದ ಕೂಡಲೇ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಹುಳಿಗೆ ಹಸಿರು, ಕಂದು ಎಂಬ ಭೇದ ಇಲ್ಲ, ಎರಡನ್ನೂ ಬಿಡಿಸಿಬಿಡುತ್ತದೆ. ಜಾಸ್ತಿ ಹೊತ್ತು ನೆನೆಯಲು ಬಿಟ್ಟರಂತೂ ಹಿತ್ತಾಳೆಯೊಳಗಿನ ಸತುವೇ ಕರಗಿ, ಮೇಲೆ ತಾಮ್ರದ ಕೆಂಪು ಉಳಿಯುತ್ತದೆ. ರೀಲಿಗೆ ನಾನು ಹುಳಿ ಮುಟ್ಟಿಸಿಲ್ಲ. ಚಿಮಣಿ ಎಣ್ಣೆಯಲ್ಲಿ ನೆನೆಸಿ (ಮೈಸೂರು ಕಡೆಯವರು ಸೀಮೆಎಣ್ಣೆ ಎಂದು ಓದಿಕೊಳ್ಳಿ), ಗಟ್ಟಿಯಾದ ಗ್ರೀಸನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಹಸಿರು ಇದ್ದಲ್ಲಿ ಮಾತ್ರ ಬಿದಿರು ಕಡ್ಡಿಯಿಂದ ಕೆರೆದೆ.

ಬೇರೆ ಭಾಗಗಳಿಗೆ ಪದ ಸಿಗುವುದು ಇಷ್ಟು ಕಷ್ಟ ಆಗಲಿಲ್ಲ. ದಾರ ಓಡುವಾಗ ಕಟಕಟ ಸದ್ದು ಮಾಡುತ್ತಾ ಹಲ್ಲಿನ ಚಕ್ರವನ್ನು ತಡೆಯುವ ಸಣ್ಣ ನಾಲಿಗೆ ಇದೆಯಲ್ಲ, ಉದ್ಯಮಬಾಗದ ಲೇತ್ ಕೆಲಸದವರು ಅದನ್ನು ನೋಡಿದ್ದೇ ‘ಕುತ್ತಾ ಸವದೈತಿ, ಹೊಸಾದ ಮಾಡೂಣು’ ಅಂದರು. ಹಿಂದಿಯ ಕುತ್ತಾ, ನಾಯಿಯೇ. ಹಲ್ಲು ಹಿಡಿದರೆ ಬಿಡುವುದಿಲ್ಲ, ಅಲ್ವಾ?

ದಾರ ಸುತ್ತುವ ಉರುಳೆಗೆ ವಡಗಾವಿಯ ನೇಕಾರರ ‘ಕಂಡಿಕೆ’ (ಲಾಳಿಯೊಳಗೆ ಇಡುವ, ನೂಲು ಸುತ್ತಿದ ಕಡ್ಡಿ) ಇರಲಿ ಅಂದುಕೊಂಡಿದ್ದೆ. ಮಗ್ಗದ ಕಾಕಾ ಒಪ್ಪಲಿಲ್ಲ. ‘ಲಾಳಿಯೊಳಗ ಕಂಡಿಕಿ ತಿರಗೂದಿಲ್ರೀ, ನೂಲು ತುದಿಯಿಂದ ಬಿಚ್ಚಿಕೊಂತ ಬರತೈತಿ’ ಅಂದರು. ಅವರು ಹೇಳಿದ್ದು ಎಷ್ಟು ಸರಿ ನೋಡಿ. ಉರುಳೆ ತಿರುಗದೆ ದಾರ ತುದಿಯಿಂದ ಬಿಚ್ಚಿಕೊಳ್ಳುವ ಬೇರೆ ಜಾತಿಯ ರೀಲು ಇದೆ. ಅದಕ್ಕೆ 1905ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಇಲಿಂಗ್‌ವರ್ತ್ ಜವಳಿ ಉದ್ಯಮದವರೇ. ಮಿಲ್ಲಿನ ನೂಲಿನ ಕಂಡಿಕೆಯಿಂದಲೇ ಅವರಿಗೆ ಅದು ಹೊಳೆದದ್ದು. ಹಾಗಾಗಿ ಕಂಡಿಕೆ ಆ ರೀಲಿಗೆ ಇರಲಿ. ನನ್ನದು ತಿರುಗುವಂಥದ್ದು, ಉರುಳೆ ಸಾಕು.

ಆದರೆ ಕಂದು ಪೊರೆ? ತುಕ್ಕು ಅನ್ನುವ ಹಾಗಿಲ್ಲ, ಅದು ಕಬ್ಬಿಣದ್ದು. ನಮ್ಮ ಕಡೆ ಜಂಗು ಅನ್ನುವುದೂ ಅದಕ್ಕೇ. ಕಿಟ್ಟ ಅಂದರೆ ಲೋಹ ಕಾಸಿದಾಗ ಬರುವ ಕಸ. ಮಾಸಲು ಅಂದರೆ ಬಟ್ಟೆ ನೆನಪಾಗುತ್ತದೆ, ಒಗೆಯಬೇಕು ಅನ್ನಿಸುತ್ತದೆ. ಗೆಳೆಯರೊಬ್ಬರು ‘ಕಾಲಲೇಪ’ ಅಂದರು. ಮಂಡಿನೋವಿನ ಮುಲಾಮಿನ ಹೆಸರಿದ್ದ ಹಾಗಿದೆ, ಬೇಡ. ನನಗೆ ಸ್ವಲ್ಪ ಹಿಡಿಸಿದ್ದು ‘ಮಾಗು’. ಹಣ್ಣು ಮಾಗುತ್ತದೆ, ಮನುಷ್ಯ ಮಾಗುತ್ತಾನೆ, ಹಿತ್ತಾಳೆ ಮಾಗಬಾರದೇಕೆ? ‘ಮಾಗಿದ ಬಣ್ಣ ಉಜ್ಜಬೇಡಿ’ ಅಂದರೆ ಹುಡುಗರಿಗೆ ತಿಳಿಯುತ್ತದೆ ಅನ್ನಿಸುತ್ತದೆ.

ಆದರೂ ನಾನು ಕೂತು ಹೊಸೆದ ಪದಕ್ಕಿಂತ ಆ ಕೆಲಸದವರ ಬಾಯಲ್ಲಿ ಇರುವ ಪದವೇ ವಾಸಿ. ಬೋಗಾರ ಅಂದರೆ ಕಂಚು ಹಿತ್ತಾಳೆಯವರು. ಬೋಗಾರವೇಸ್ ಎಂಬ ಹೆಸರಿನ ಜಾಗವೇ ಇರುವ ಊರಲ್ಲಿ ಕೂತು ಈ ಒಂದು ಪದಕ್ಕೆ ಒದ್ದಾಡುತ್ತಿದ್ದೇನೆ! ಪಾತ್ರೆಯವರಿಗೆ ಇದು ಬೇಕಾಗಿರಲಿಕ್ಕಿಲ್ಲ, ಪಾತ್ರೆ ದಿನಾ ಬೆಳಗುವಂಥದ್ದು. ಬೆಳಗದೆ ಬಿಡುವ ಹಿತ್ತಾಳೆಯ ಹತ್ತಿರ ಹುಡುಕಬೇಕು. ಹಾರ್ಮೋನಿಯಂ ಸ್ವರ ಕೂರಿಸುವವರು, ಹಳೇ ಬೀಗ, ತಕ್ಕಡಿ, ಗಡಿಯಾರ ರಿಪೇರಿಯವರು ಏನಾದರೂ ಅನ್ನುತ್ತಾರಾ? ಕೇಳಿದ್ದರೆ ಪದದ ಜೊತೆಗೆ ಊರಿನ ಹೆಸರು, ಅವರು ಅದನ್ನು ಬಳಸುವ ಒಂದು ಮಾತನ್ನೂ ಬರೆಯಿರಿ.