ಪದಚರ್ಚೆ: ವಾರ್ಡಿನ ಫಲಕಕ್ಕೆ 'ಡೆಲಿಗೇಷನ್', ಯಾವ ಪದ? (ತುರ್ತು)

ಎಲ್ಲರಿಗೂ ನಮಸ್ಕಾರ.
ಜಿಲ್ಲಾ ಆಸ್ಪತ್ರೆಯೊಂದರ ಡ್ಯೂಟಿ ರೂಮಿಗೆ ಹಾಕುವ ಫಲಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಹೋಗಬೇಕು. ಸ್ಟಾಫ್ ನರ್ಸ್ ತನ್ನ ಪಾಳಿಯಲ್ಲಿ ಆಯಾಗೆ, ವಾರ್ಡ್ ಅಟೆಂಡರ್‌ಗೆ ಯಾವ ಕೆಲಸ ಹೇಳಬಹುದು, ಯಾವುದನ್ನು ಹೇಳಬಾರದು ಎಂಬುದು ವಿಷಯ; ಹೀಗೆ ಕೆಲಸ ಹೇಳುವುದನ್ನೇ ಇಂಗ್ಲಿಷಿನಲ್ಲಿ 'ಡೆಲಿಗೇಷನ್' ಎನ್ನುತ್ತಾರೆ. ಕರಡಿನ ತಲೆಬರಹ 'ಕರ್ತವ್ಯ ನಿಯೋಜನೆಯ ಐದು ಹಕ್ಕುಗಳು' ಎಂದಿದೆ. ನನಗೆ ಸರಿ ಕಾಣುತ್ತಿಲ್ಲ. ಜೊತೆಗೆ ರೆಸ್ಪಾನ್ಸಿಬಿಲಿಟಿ (ಕೆಲಸ ಮಾಡುವವರ ಮೇಲಿನ ಭಾರ), ಅಕೌಂಟಬಿಲಿಟಿ (ಕೇಳಿದಾಗ ಉತ್ತರ ಕೊಡಬೇಕಾದ ಭಾರ) ಎರಡಕ್ಕೂ 'ಜವಾಬ್ದಾರಿ' ಎಂದೇ ಬರೆದಿದ್ದಾರೆ. ಬೇರೆ ಬೇರೆ ಪದ ಬೇಕು.
ಸು. ರಾ.

'ಹಕ್ಕುಗಳು' ಶುದ್ಧ ತಪ್ಪು, ಈಗಲೇ ಹೊಡೆದುಹಾಕಿ. ಇಂಗ್ಲಿಷಿನ 'ರೈಟ್' ಪದಕ್ಕೆ ಎರಡೂ ಅರ್ಥವಿದೆ, ಇಲ್ಲಿರುವುದು ಸರಿ-ತಪ್ಪಿನ 'ಸರಿ': ಸರಿಯಾದ ಕೆಲಸ, ಸರಿಯಾದ ಸಂದರ್ಭ, ಸರಿಯಾದ ವ್ಯಕ್ತಿ, ಸರಿಯಾದ ಸೂಚನೆ, ಸರಿಯಾದ ಮೇಲ್ವಿಚಾರಣೆ. 'ನಿಯೋಜನೆ'ಯೂ ಬೇಡ. ಸರ್ಕಾರಿ ನೌಕರರಿಗೆ ಅದು ಡೆಪ್ಯುಟೇಶನ್; ಫಲಕ ಓದಿದವರು ತಮ್ಮನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತಾರೆಂದುಕೊಂಡಾರು. ಆಡಳಿತ ಕನ್ನಡದಲ್ಲಿ 'ಅಧಿಕಾರ ಪ್ರತ್ಯಾಯೋಜನೆ', 'ಪ್ರತ್ಯಾಯೋಜಿತ ಶಾಸನ' ಎಂದು ಪದ ನೆಲೆಯೂರಿದೆ. ಅದನ್ನೇ ಹಾಕಿ, ಚರ್ಚೆಯ ಅಗತ್ಯವಿಲ್ಲ.
ವಿ. ಕೆ.

ಚರ್ಚೆಯ ಅಗತ್ಯ ಇದೆ. ಪ್ರತ್ಯಾಯೋಜನೆಯಲ್ಲಿ ಕೊಡುವುದು ಅಧಿಕಾರ. ವಾರ್ಡಿನಲ್ಲಿ ಕೈಬದಲಾಗುವುದು ಕೆಲಸ ಮಾತ್ರ. ತೀರ್ಮಾನಿಸುವ ಅಧಿಕಾರ ನರ್ಸ್ ಬಳಿಯೇ ಉಳಿಯುತ್ತದೆ. ಯೂರಿನ್ ಬ್ಯಾಗ್ ಖಾಲಿ ಮಾಡಿ, ಅಳತೆ ಜಾಡಿಯಲ್ಲಿ ನೋಡಿ, ಎಷ್ಟು ಮಿ.ಲೀ. ಎಂದು ಬರೆಯುವುದನ್ನು ಕಲಿತ ಆಯಾಗೆ ಹೇಳಬಹುದು. ಆ ಅಂಕಿ ಕಡಿಮೆಯೋ, ಡಾಕ್ಟರನ್ನು ಕರೆಯಬೇಕೋ ಎಂಬ ತೀರ್ಮಾನವನ್ನು ಆಕೆಗೆ ಬಿಡುವಂತಿಲ್ಲ. ರೋಗಿಯ ಸ್ಥಿತಿ ಅಳೆಯುವುದು, ಆರೈಕೆಯ ಯೋಜನೆ, ಫಲಿತಾಂಶ ತೂಗುವುದು ಈ ಮೂರೂ ವಹಿಸುವ ಕೆಲಸಗಳೇ ಅಲ್ಲ. ಉದಾಹರಣೆಗೆ, ರಕ್ತ ಏರಿಸುವಾಗ ಮೊದಲ 15 ನಿಮಿಷ ನರ್ಸ್ ಪಕ್ಕದಲ್ಲೇ ಇರಬೇಕು, ತೀವ್ರ ಪ್ರತಿಕ್ರಿಯೆ ಹೆಚ್ಚಾಗಿ ಆಗಲೇ ತಲೆದೋರುತ್ತದೆ.

'ಸಂದರ್ಭ'ವನ್ನೂ ಹಗುರ ಮಾಡಬೇಡಿ. ಗಂಜಿ ಕುಡಿಸುವುದು ಆಯಾ ಮಾಡಬಹುದಾದ ಕೆಲಸವೇ. ಆದರೆ ನಿನ್ನೆ ಪಾರ್ಶ್ವವಾಯು ಹೊಡೆದು ಬಂದವರಿಗೆ, ನುಂಗುವ ಪರೀಕ್ಷೆ ಆಗುವ ಮೊದಲೇ ಕುಡಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಕೆಲಸ ಸರಿ, ವ್ಯಕ್ತಿ ಸರಿ, ಸಂದರ್ಭ ತಪ್ಪು. 'ಸೂಚನೆ'ಯೂ ಹಾಗೆಯೇ. 'ಸ್ವಲ್ಪ ನೋಡ್ಕೊಳ್ಳಮ್ಮ' ಎಂಬುದು ಸೂಚನೆಯಲ್ಲ. 'ಗಂಟೆಗೊಮ್ಮೆ ಮೂತ್ರ ಅಳೆದು ಬರಿ, 30 ಮಿ.ಲೀ.ಗಿಂತ ಕಡಿಮೆ ಬಂದರೆ ಆಗಲೇ ಬಂದು ಹೇಳು' ಎನ್ನುವುದು ಸೂಚನೆ. ಆಕೆ ಅದನ್ನು ತಿರುಗಿ ಹೇಳಬೇಕು. 'ನನಗಿದು ಬರೋಲ್ಲ ಸಿಸ್ಟರ್' ಎಂದರೆ ಬೈಯದೆ ಕೆಲಸ ವಾಪಸ್ ತೆಗೆದುಕೊಳ್ಳಬೇಕು. ಹೆದರಿ ಒಪ್ಪಿಕೊಂಡ ಆಯಾ ಬರೆಯುವ ಅಂಕಿ, ಬರೆಯದೆ ಬಿಟ್ಟದ್ದಕ್ಕಿಂತ ಅಪಾಯ.

ಪದ: ಕೆಲಸ ವಹಿಸು. 'ಒಪ್ಪಿಸು' ಬೇಡ. ಪಾಳಿ ಮುಗಿದಾಗ ರೋಗಿಗಳನ್ನು ಮುಂದಿನವರಿಗೆ ಒಪ್ಪಿಸುತ್ತೇವೆ. ಒಪ್ಪಿಸಿದವರು ಮನೆಗೆ ಹೋಗುತ್ತಾರೆ, ವಹಿಸಿದವರು ಅಲ್ಲೇ ಇರುತ್ತಾರೆ.
ಮ. ಗಿ. (ನರ್ಸಿಂಗ್ ಬೋಧಕಿ)

'ವಹಿಸು' ಸಂಸ್ಕೃತದ್ದು. 'ಕೆಲಸಕ್ಕೆ ಹಚ್ಚು' ಎನ್ನುವ ನಮ್ಮ ನುಡಿ ಇರುವಾಗ ಎರವಲು ಏಕೆ? 'ಜವಾಬ್ದಾರಿ'ಯನ್ನೂ ತೆಗೆಯಿರಿ, ಅದು ಪಾರಸಿ. ಅಕೌಂಟಬಿಲಿಟಿಗೆ 'ಹೊಣೆ'. ಹಳಗನ್ನಡದ ಪೊಣೆ, ತಮಿಳಿನ ಪುಣೈ ಒಂದೇ ಬೇರಿನವು, ಹುರುಳು ಜಾಮೀನು. ಇಂದಿಗೂ ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲುತ್ತೇವಲ್ಲ? ಸಾಲ ಮಾಡಿದವನು ಬೇರೆ, ಕೇಳಿದಾಗ ಮುಂದೆ ಬರಬೇಕಾದವನು ಬೇರೆ. ನರ್ಸ್ ಆಯಾಗೆ ನಿಲ್ಲುವುದು ಇದೇ ಹೊಣೆ.
ಚ. ಹ.

'ಹಚ್ಚು' ಆಗದು. ಅಲ್ಲಿ ಆಳನ್ನು ಕೆಲಸಕ್ಕೆ ಹಚ್ಚುವುದಿದೆ, ಆಮೇಲೆ ಬಂದು ನೋಡುವುದಿಲ್ಲ. ಜವಾಬ್ದಾರಿಯನ್ನು ಓಡಿಸುವ ಮೊದಲು ಅದರ ಒಳಗನ್ನು ನೋಡಿ: ಜವಾಬು ಎಂದರೆ ಉತ್ತರ. ನೀವು 'ಹೊಣೆ'ಯಲ್ಲಿ ಹುಡುಕುತ್ತಿರುವ ಉತ್ತರದಾಯಿತ್ವ ಆ ಪದದ ಹೊಟ್ಟೆಯಲ್ಲೇ ಇದೆ.

ನಿಜವಾದ ತೊಂದರೆ ನರ್ಸ್ ಹುದ್ದೆಗಿರುವ 'ಶುಶ್ರೂಷಾಧಿಕಾರಿ' ಎಂಬ ಹೆಸರು. ಶುಶ್ರೂಷೆ ಶ್ರು (ಕೇಳು) ಧಾತುವಿನ ಸನ್ನಂತ, ಅಂದರೆ ಇಚ್ಛೆಯನ್ನು ಹೇಳುವ ರೂಪ: ಕೇಳಬೇಕೆಂಬ ಇಚ್ಛೆ. ಅಲ್ಲಿಂದ ಹೇಳಿದಂತೆ ಕೇಳುವುದು, ಸೇವೆ. ಇತರರಿಗೆ ಕೆಲಸ ವಹಿಸಿ ಮುನ್ನಡೆಸಬೇಕಾದವರಿಗೆ ವಿಧೇಯತೆಯ ಪದ ಕಟ್ಟಿದ್ದೇವೆ. 'ನರ್ಸ್' ಎಂದೇ ಬರೆಯಿರಿ.
ನಾ. ಭ.

ಹಾಗಾದರೆ ಇಡೀ ಫಲಕ ಇಂಗ್ಲಿಷಿನಲ್ಲೇ ಇರಲಿ. ಹುದ್ದೆಯ ಹೆಸರು ಸರ್ಕಾರದ್ದು, ಧಾತು ಹಿಡಿದು ಬದಲಿಸಲು ಬರುವುದಿಲ್ಲ.
ವಿ. ಕೆ.

ಹುದ್ದೆಯ ಜಗಳಕ್ಕೆ ಬೇರೆ ಎಳೆ ತೆರೆಯಿರಿ, ಇವರಿಗೆ ನಾಳೆ ಮುದ್ರಣವಿದೆ. ಹೊಣೆಯ ಮಟ್ಟಿಗೆ ಚ. ಹ. ಅವರ ಮಾತು ಒಪ್ಪಿದೆ, ಜವಾಬ್ದಾರಿಯನ್ನು ತೆಗೆಯಲು ಒಪ್ಪುವುದಿಲ್ಲ. ಆಯಾ ಬೇಕೆಂದೇ ತಪ್ಪು ಅಂಕಿ ಬರೆದರೆ ಅದಕ್ಕೆ ಉತ್ತರಿಸಬೇಕಾದವಳು ಆಕೆಯೇ. ಬಾರದವಳಿಗೆ ವಹಿಸಿದ್ದಕ್ಕೆ, ವಹಿಸಿ ತಿರುಗಿ ನೋಡದೆ ಇದ್ದದ್ದಕ್ಕೆ ಉತ್ತರಿಸಬೇಕಾದವರು ನರ್ಸ್. ಫಲಕದಲ್ಲಿ ಎರಡೂ ಕಾಣಬೇಕು: 'ಕೆಲಸದ ಜವಾಬ್ದಾರಿ ಮಾಡುವವರದು. ವಹಿಸಿದ್ದರ ಹೊಣೆ ನರ್ಸ್‌ದು. ವಹಿಸಿಕೊಂಡವರು ಮತ್ತೊಬ್ಬರಿಗೆ ವಹಿಸುವಂತಿಲ್ಲ.'
ಮ. ಗಿ.

ತಲೆಬರಹಕ್ಕೆ 'ಕೆಲಸ ವಹಿಸುವಿಕೆಯ ಐದು ಸರಿಗಳು' ಎಂದು ಹಾಕಲೇ?
ಸು. ರಾ.

ಬೇಡ. 'ಸರಿ'ಗೆ ಬಹುವಚನ ಹಚ್ಚಬೇಡಿ, ಫಲಕಕ್ಕೆ 'ವಹಿಸುವಿಕೆ'ಯಂಥ ಭಾವನಾಮವೂ ಬೇಡ. 'ಕೆಲಸ ವಹಿಸುವ ಮುನ್ನ: ಈ ಐದೂ ಸರಿಯಿವೆಯೇ?'
ನಾ. ಭ.